95 ಸ್ನಾಯುಕೋಶಗಳ ಹುಳು: ಮೈಟೊಕಾಂಡ್ರಿಯವನ್ನು ಜೀವಂತವಾಗಿ ನೋಡುವ ಬಗೆ

ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡದ ಮನೆಗಳಲ್ಲಿ ಎಪ್ಪತ್ತು ದಾಟಿದವರ ಬಾಯಲ್ಲಿ ಈ ಮಾತು ಸಾಮಾನ್ಯ: “ನೋವೇನಿಲ್ಲ ಮಾರಾಯ, ಸ್ಟೇಶನ್ನಿನ ಬ್ರಿಜ್ ಹತ್ತಲಿಕ್ಕೆ ಕಾಲಲ್ಲಿ ತ್ರಾಣವೇ ಇಲ್ಲ.” ವಯಸ್ಸಾದಂತೆ ಸ್ನಾಯು ಸೊರಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಸ್ನಾಯುಕೋಶದೊಳಗೆ ಮೊದಲು ಕೆಡುವುದು ಯಾವುದು? ಎಳೆಯುವ ನಾರುಗಳೋ, ಅವುಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳೋ? ಇದು ತಿಳಿಯಬೇಕಾದರೆ ಸ್ನಾಯುವನ್ನು ಹರೆಯದಿಂದ ಮುಪ್ಪಿನವರೆಗೆ ಬಿಡದೆ ನೋಡುತ್ತಿರಬೇಕು. ಅಜ್ಜನ ತೊಡೆಯಿಂದ ತಿಂಗಳಿಗೊಮ್ಮೆ ಚೂರು ತೆಗೆದು ನೋಡಲಾಗದು. ಇಲಿಯಲ್ಲಾದರೆ ಎರಡು ಮೂರು ವರ್ಷ ಕಾಯಬೇಕು. ದುಂಡುಹುಳುವಿನಲ್ಲಿ ಮೂರು ವಾರ ಸಾಕು. ಅದೂ ಕತ್ತರಿಸದೆ, ಹುಳು ಬದುಕಿರುವಾಗಲೇ.

ಈ ಹುಳುವಿನ ಹೆಸರು ಸೀನೊರಾಬ್ಡೈಟಿಸ್ ಎಲಿಗನ್ಸ್. ಲ್ಯಾಬಿನ ಮಾತಿನಲ್ಲಿ ಸಿ. ಎಲಿಗನ್ಸ್. ಮಕ್ಕಳ ಹೊಟ್ಟೆಯಲ್ಲಾಗುವ ಜಂತುಹುಳುವಿನ ದೂರದ ನೆಂಟ, ಆದರೆ ಯಾರ ಹೊಟ್ಟೆಗೂ ಹೋಗುವುದಿಲ್ಲ. ಕೊಳೆಯುವ ಹಣ್ಣು, ಎಲೆಗಳ ಮೇಲೆ ಬ್ಯಾಕ್ಟೀರಿಯ ತಿಂದುಕೊಂಡು ಬದುಕುತ್ತದೆ. ಬೆಳೆದ ಹುಳುವಿನ ಉದ್ದ ಸುಮಾರು 1 ಮಿಲಿಮೀಟರ್. ಮೈ ಗಾಜಿನಂತೆ ಪಾರದರ್ಶಕ. 1960ರ ದಶಕದಲ್ಲಿ ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ ಇದನ್ನು ಆರಿಸಿಕೊಂಡು 1974ರಲ್ಲಿ ಇದರ ಅನುವಂಶೀಯತೆಯ ಮೊದಲ ದೊಡ್ಡ ಪ್ರಬಂಧ ಪ್ರಕಟಿಸಿದರು. ಇಂದಿಗೂ ಎಲ್ಲರೂ ‘ಸಹಜ ತಳಿ’ ಎಂದು ಬಳಸುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಬಂದ ಎನ್2 ತಳಿಯನ್ನೇ. ನಮ್ಮ ಊರಿನಲ್ಲೂ ಈ ಹುಳು ಹೊಸದಲ್ಲ. ಕೊಲಾಬಾದ ನೇವಿ ನಗರದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನರಕೋಶದೊಳಗಿನ ಸಾಗಾಟವನ್ನು ಇದರಲ್ಲೇ ಅಭ್ಯಾಸ ಮಾಡುತ್ತಾರೆ.

ಸ್ನಾಯುವಿನ ಮಟ್ಟಿಗೆ ಈ ಹುಳು ಯಾಕೆ ಇಷ್ಟು ಅನುಕೂಲ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆಳೆದ ದ್ವಿಲಿಂಗಿ ಹುಳುವಿನ ಮೈಗೋಡೆಯಲ್ಲಿ ಸರಿಯಾಗಿ 95 ಸ್ನಾಯುಕೋಶಗಳಿವೆ. ಮೊಟ್ಟೆಯೊಡೆಯುವಾಗ 81 ಇರುತ್ತವೆ, ಮರಿಯಾಗಿದ್ದಾಗ 14 ಸೇರುತ್ತವೆ. ಅವು ತಲೆಯಿಂದ ಬಾಲದವರೆಗೆ ನಾಲ್ಕು ಪಟ್ಟಿಗಳಾಗಿ ಹರಡಿವೆ: ಮೂರು ಪಟ್ಟಿಗಳಲ್ಲಿ 24, ಹೊಟ್ಟೆಯ ಕಡೆಯ ಎಡಪಟ್ಟಿಯಲ್ಲಿ ಮಾತ್ರ 23. ಪ್ರತಿ ಕೋಶವೂ ಕದಿರಿನ ಆಕಾರದ್ದು. ಎಳೆಯುವ ನಾರುಗಳೆಲ್ಲ ಚರ್ಮದ ಕಡೆಗೆ ಒತ್ತಿಕೊಂಡಿರುತ್ತವೆ. ಕೋಶಕೇಂದ್ರವೂ ಬಹುಪಾಲು ಮೈಟೊಕಾಂಡ್ರಿಯಗಳೂ ಒಳಬದಿಯ ಹೊಟ್ಟೆಯಂಥ ಭಾಗದಲ್ಲಿ ಕೂತಿರುತ್ತವೆ. ನಮ್ಮ ದೇಹದಲ್ಲಿ ನರ ಸ್ನಾಯುವಿನ ಬಳಿ ಬರುತ್ತದೆ. ಇಲ್ಲಿ ತಿರುಗುಮುರುಗು: ಸ್ನಾಯುಕೋಶವೇ ತೆಳ್ಳಗಿನ ತೋಳುಗಳನ್ನು ಚಾಚಿ ನರದ ಎಳೆಯನ್ನು ಮುಟ್ಟುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ 95ರಲ್ಲಿ ಒಂದು ಸತ್ತರೆ ಅದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ನಮ್ಮ ಸ್ನಾಯುವಿನಲ್ಲಿ ರಿಪೇರಿಗೆಂದು ಕಾದಿರುವ ಕಾಂಡಕೋಶಗಳಿವೆ, ಹುಳುವಿಗೆ ಅವು ಇಲ್ಲ. ಹಾಗಾಗಿ ಮುಪ್ಪಿನಲ್ಲಿ ಒಂದು ಕೋಶ ಹಾಳಾಗಿ ಕಂಡರೆ, ಅದು ಹುಳುವಿನ ಹರೆಯದಲ್ಲಿ ಚೆನ್ನಾಗಿದ್ದ ಕೋಶವೇ. ಹಳತು ಹೊಸತರ ಬೆರಕೆ ಇಲ್ಲದ್ದರಿಂದ ಕೆಡುವಿಕೆಯ ಲೆಕ್ಕ ಸ್ಪಷ್ಟ. ಇದೇ ಕಾರಣಕ್ಕೆ ಸ್ನಾಯು ಮರುಹುಟ್ಟುವ ಬಗೆಯನ್ನು ಅರಿಯಲು ಈ ಹುಳು ಪ್ರಯೋಜನಕ್ಕೆ ಬಾರದು.

ಸ್ನಾಯುವಿನ ಜೀನ್‌ಗಳಿಗೂ ಈ ಹುಳುವಿಗೂ ಹಳೆಯ ನಂಟು. ಅಂಕ್-54 ಎಂಬ ಜೀನ್ ಸ್ನಾಯುವಿನ ಮಯೋಸಿನ್ ತಯಾರಿಸುತ್ತದೆ, ಅದು ಕೆಟ್ಟರೆ ಹುಳು ಹರಿದಾಡಲಾರದೆ ಬಿದ್ದಿರುತ್ತದೆ. ಅಂಕ್-22 ಕೆಟ್ಟರೆ ಮೈಯೆಲ್ಲ ಅದುರುತ್ತದೆ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಎರಡೆಳೆಯ ಆರ್‌ಎನ್‌ಎಯಿಂದ ಜೀನ್ ಬಾಯಿಮುಚ್ಚಿಸಬಹುದು ಎಂದು ತೋರಿಸಿದ್ದು ಈ ಅದುರುವಿಕೆಯನ್ನೇ ಸಾಕ್ಷಿಯಾಗಿಟ್ಟುಕೊಂಡು. ಅದಕ್ಕೆ 2006ರ ನೊಬೆಲ್ ಬಂತು. ಆ ವಿಧಾನ ಈಗ ಎಷ್ಟು ಸರಳವಾಗಿದೆಯೆಂದರೆ, ಬೇಕಾದ ಆರ್‌ಎನ್‌ಎ ತಯಾರಿಸುವ ಬ್ಯಾಕ್ಟೀರಿಯವನ್ನು ಹುಳುವಿಗೆ ಊಟವಾಗಿ ಹಾಕಿದರೆ ಮುಗಿಯಿತು.

ಇನ್ನು ಸಾಕುವ ವಿಚಾರ. ಮುಂಬಯಿಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಹುಳುವಿಗೆ ಹಿತವಾದ ಉಷ್ಣತೆ 20 ಡಿಗ್ರಿ. 15ರಿಂದ 25ರವರೆಗೆ ಸಾಕಬಹುದು. 25 ದಾಟಿದರೆ ಮೊಟ್ಟೆ ಕಡಿಮೆಯಾಗುತ್ತದೆ, ಉಷ್ಣದ ಒತ್ತಡದ ಪ್ರೋಟೀನುಗಳು ಏಳುತ್ತವೆ, ಮೈಟೊಕಾಂಡ್ರಿಯಗಳ ಆಕಾರವೂ ಬದಲಾಗುತ್ತದೆ. ಮೇ ತಿಂಗಳ ರಾತ್ರಿಯಲ್ಲೂ ನಮ್ಮಲ್ಲಿ ಕೋಣೆ 27ರ ಕೆಳಗಿಳಿಯುವುದು ಕಷ್ಟ. ಆದ್ದರಿಂದ ಬಿಸಿ ಮಾತ್ರ ಮಾಡುವ ಇನ್‌ಕ್ಯುಬೇಟರ್ ಸಾಲದು, ತಂಪೂ ಮಾಡುವ ಬಿಒಡಿ ಇನ್‌ಕ್ಯುಬೇಟರ್ ಬೇಕು. ಅದರ ಹೊರಗಿನ ಅಂಕಿಯನ್ನು ನಂಬಬೇಡಿ. ಒಳಗೆ ಪ್ಲೇಟುಗಳ ಪಕ್ಕದಲ್ಲೇ ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಇಟ್ಟು ದಿನವೂ ಬರೆದಿಡಿ. ವಿದ್ಯುತ್ ಹೋಗಿ ನಾಲ್ಕು ತಾಸು 29 ಡಿಗ್ರಿಯಲ್ಲಿ ಕೂತ ಹುಳುಗಳ ಸ್ನಾಯುಚಿತ್ರವನ್ನು ಔಷಧದ ಪರಿಣಾಮ ಎಂದು ಓದಿಬಿಟ್ಟರೆ ತಿಂಗಳ ದುಡಿಮೆ ನೀರುಪಾಲು.

ಹುಳು ಬೆಳೆಯುವ ಅಗರ್ ಪ್ಲೇಟಿನ ಲೆಕ್ಕ ಒಂದು ಲೀಟರಿಗೆ ಹೀಗೆ: ಉಪ್ಪು 3 ಗ್ರಾಂ, ಪೆಪ್ಟೋನ್ 2.5 ಗ್ರಾಂ, ಅಗರ್ 17 ಗ್ರಾಂ, ನೀರು 975 ಮಿ.ಲೀ. ಇದನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಮುಕ್ತಗೊಳಿಸಿ), 55 ಡಿಗ್ರಿಗೆ ಇಳಿಸಿ. ಆಮೇಲೆ ಆಲ್ಕೋಹಾಲಿನಲ್ಲಿ ಕರಗಿಸಿದ ಕೊಲೆಸ್ಟರಾಲ್ 1 ಮಿ.ಲೀ. (ಮಿ.ಲೀ.ಗೆ 5 ಮಿಲಿಗ್ರಾಂ ಇರುವಂಥದ್ದು), 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿ.ಲೀ., 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 1 ಮಿ.ಲೀ., ಕೊನೆಗೆ ಪಿಎಚ್ 6ರ 1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ 25 ಮಿ.ಲೀ. ಒಂದೊಂದನ್ನು ಹಾಕಿದ ಮೇಲೂ ಬಾಟಲಿ ಚೆನ್ನಾಗಿ ತಿರುಗಿಸಿ. ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಕೊಲೆಸ್ಟರಾಲ್ ಮರೆತರೆ ಮೊದಲಿಗೆ ಏನೂ ಗೊತ್ತಾಗುವುದಿಲ್ಲ, ಮುಂದಿನ ತಲೆಮಾರು ಮಾತ್ರ ಸೊರಗುತ್ತದೆ. ಹುಳು ಅದನ್ನು ತಾನೇ ತಯಾರಿಸಿಕೊಳ್ಳಲಾರದು.

ಪ್ಲೇಟುಗಳನ್ನು ಎರಡು ಮೂರು ದಿನ ಒಣಗಿಸಿ ನಡುವೆ ಓಪಿ50 ಎಂಬ ಇ. ಕೋಲಿ ಬ್ಯಾಕ್ಟೀರಿಯದ ಹನಿ ಹಾಕಬೇಕು. ಅಂಚಿಗೆ ಹರಡಬಾರದು, ಹರಡಿದರೆ ಹುಳುಗಳು ಗೋಡೆ ಹತ್ತಿ ಒಣಗಿ ಸಾಯುತ್ತವೆ. ಮಳೆಗಾಲದಲ್ಲಿ ಮೂರು ದಿನವಾದರೂ ಪ್ಲೇಟ್ ಒಣಗುವುದಿಲ್ಲ. ಒದ್ದೆ ಪ್ಲೇಟಿನಲ್ಲಿ ಹುಳು ಹರಿದಾಡುವ ಬದಲು ಈಜುತ್ತದೆ. ಈಜು ಅದಕ್ಕೆ ವ್ಯಾಯಾಮ, ಅದು ನಿಮ್ಮ ಅಳತೆಯನ್ನೇ ತಿರುಗಿಸಿಬಿಡುತ್ತದೆ. ತಂಪಾದ ಪ್ಲೇಟನ್ನು ಹೊರಗಿನ ತೇವದ ಗಾಳಿಗೆ ತೆಗೆದ ಕ್ಷಣ ಮುಚ್ಚಳದಲ್ಲಿ ಹನಿಗಟ್ಟುತ್ತದೆ, ಹಾಗಾಗಿ ಯಾವಾಗಲೂ ಬೋರಲು ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟಿನ ಕಾಟವೂ ಇದ್ದದ್ದೇ. ಬೂಷ್ಟು ಕಂಡ ಪ್ಲೇಟನ್ನು ತೆರೆಯದೆ ಟೇಪ್ ಸುತ್ತಿ ಆಟೋಕ್ಲೇವ್‌ಗೆ ಕಳಿಸುವುದೇ ಒಳ್ಳೆಯದು.

ವಯಸ್ಸು ಹೊಂದಿಸದೆ ಸ್ನಾಯು ಅಳೆಯುವುದು ವ್ಯರ್ಥ. ಅದಕ್ಕೆ ಮೊಟ್ಟೆ ತುಂಬಿದ ಹುಳುಗಳನ್ನು ನೀರಿನಿಂದ ತೊಳೆದು 3.5 ಮಿ.ಲೀ. ಮಾಡಿಕೊಳ್ಳಿ. 5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 0.5 ಮಿ.ಲೀ. ಮತ್ತು ಬ್ಲೀಚ್ 1 ಮಿ.ಲೀ. ಆಗಷ್ಟೇ ಬೆರೆಸಿ ಸೇರಿಸಿ. ಆಗಾಗ ಅಲುಗಿಸುತ್ತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರಿ. ತಾಯಿಹುಳುಗಳ ಮೈ ಒಡೆದು ಮೊಟ್ಟೆ ಹೊರಬಿದ್ದ ಕೂಡಲೇ ಸೆಂಟ್ರಿಫ್ಯೂಜ್ ಮಾಡಿ, ಎಂ9 ಎಂಬ ಲವಣದ ದ್ರಾವಣದಲ್ಲಿ ಮೂರು ಬಾರಿ ತೊಳೆಯಿರಿ. ಹತ್ತು ನಿಮಿಷ ಮೀರಿದರೆ ಮೊಟ್ಟೆಯೂ ಸಾಯುತ್ತದೆ. ಸೆಖೆಯಲ್ಲಿ ಬ್ಲೀಚ್‌ನ ಕ್ಲೋರಿನ್ ಬೇಗ ಇಳಿದುಹೋಗುತ್ತದೆ. ಕಳೆದ ವರ್ಷದ ಬಾಟಲಿಯಿಂದ ತಾಯಿಹುಳು ಒಡೆಯುವುದೇ ಇಲ್ಲ. ಸಮಯ ಹೆಚ್ಚಿಸಬೇಡಿ, ಬಾಟಲಿ ಬದಲಿಸಿ. ತೊಳೆದ ಮೊಟ್ಟೆಗಳು ಊಟವಿಲ್ಲದ ಎಂ9ನಲ್ಲಿ ರಾತ್ರಿಯೆಲ್ಲ ಒಡೆದು ಮೊದಲ ಮರಿಹಂತದಲ್ಲೇ ನಿಂತುಬಿಡುತ್ತವೆ. ಮರುದಿನ ಎಲ್ಲವನ್ನೂ ಒಟ್ಟಿಗೆ ಊಟದ ಪ್ಲೇಟಿಗೆ ಹಾಕಿದರೆ ಓರಗೆಯವರಾಗಿ ಬೆಳೆಯುತ್ತವೆ. ಸುಮಾರು ಎರಡು ದಿನಕ್ಕೆ ಹೊಟ್ಟೆಯ ನಡುವೆ ಒಂದು ಪುಟ್ಟ ಬಿಳಿ ಅರ್ಧಚಂದ್ರ ಕಾಣಿಸುತ್ತದೆ. ಅದೇ ನಾಲ್ಕನೇ ಮರಿಹಂತದ ಗುರುತು. ಅದರ ಮರುದಿನವನ್ನು ವಯಸ್ಕ ಹುಳುವಿನ 1ನೇ ದಿನ ಎಂದು ಎಣಿಸಿ.

ಆಮೇಲೆ ಮಕ್ಕಳ ಕಾಟ ಶುರು. ಒಂದು ಹುಳು ಸುಮಾರು 300 ಮರಿ ಹಾಕುತ್ತದೆ. ನಾಲ್ಕು ದಿನ ಬಿಟ್ಟರೆ ತಾಯಿ ಯಾರು, ಮಗಳು ಯಾರು ಗೊತ್ತಾಗುವುದಿಲ್ಲ. ಹಲವರು ಎಫ್‌ಯುಡಿಆರ್ ಎಂಬ ರಾಸಾಯನಿಕ ಹಾಕಿ ಮರಿಗಳನ್ನು ತಡೆಯುತ್ತಾರೆ. ಅದು ಡಿಎನ್‌ಎ ತಯಾರಿಕೆಯನ್ನೇ ತಡೆಯುವ ವಸ್ತು. ಮೈಟೊಕಾಂಡ್ರಿಯಕ್ಕೂ ತನ್ನದೇ ಡಿಎನ್‌ಎ ಇದೆ. ಮೈಟೊಕಾಂಡ್ರಿಯವನ್ನೇ ಅಳೆಯಲು ಹೊರಟವರು ಅದನ್ನು ಬಳಸಬಾರದು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಬೇಸರವಾದರೂ ಮೊದಲ ಆರು ದಿನ ಪ್ಲಾಟಿನಂ ತಂತಿಯಿಂದ ದೊಡ್ಡ ಹುಳುಗಳನ್ನು ದಿನಕ್ಕೊಮ್ಮೆ ಹೊಸ ಪ್ಲೇಟಿಗೆ ಎತ್ತಿಹಾಕಿ.

ಈಗ ಅಳತೆ. ಮೊದಲನೆಯದು ಈಜು. ಒಂದು ಹನಿ ಎಂ9ನಲ್ಲಿ ಹುಳುವನ್ನು ಬಿಟ್ಟರೆ ಅದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಿಲ್ಲಿನಂತೆ ಬಾಗುತ್ತದೆ. ಮೊದಲ ಒಂದು ನಿಮಿಷ ಗಾಬರಿ, ಅದನ್ನು ಬಿಡಿ. ಆಮೇಲಿನ 30 ಸೆಕೆಂಡು ಎಣಿಸಿ. ಆರೋಗ್ಯವಂತ ಹರೆಯದ ಹುಳು ಸೆಕೆಂಡಿಗೆ ಸುಮಾರು ಎರಡು ಪೂರ್ತಿ ಸುತ್ತು ಬಾಗುತ್ತದೆ. ಎಡಕ್ಕೆ ಹೋಗಿ ಬಲಕ್ಕೆ ಬಂದದ್ದು ಒಂದೋ ಎರಡೋ ಎಂಬುದನ್ನು ಮೊದಲೇ ಬರೆದಿಡಿ. ಇಬ್ಬರು ವಿದ್ಯಾರ್ಥಿಗಳ ಅಂಕಿಗಳು ಸರಿಯಾಗಿ ಇಮ್ಮಡಿ ವ್ಯತ್ಯಾಸ ತೋರಿಸಿದರೆ ಹುಳುವಿನಲ್ಲಿ ದೋಷವಿಲ್ಲ, ಎಣಿಕೆಯಲ್ಲಿದೆ. ಬರಿಗಣ್ಣಿನಲ್ಲಿ ತಪ್ಪುವುದು ಸಹಜ, ವಿಡಿಯೊ ತೆಗೆದು ನಿಧಾನಗತಿಯಲ್ಲಿ ಎಣಿಸುವುದು ಲೇಸು.

ಈಜು ವೇಗವನ್ನು ತೋರಿಸುತ್ತದೆ, ಬಲವನ್ನಲ್ಲ. ಬಲ ನೋಡಲು ಹುಳುವನ್ನು ಪ್ಲುರಾನಿಕ್ ಎಂಬ ಪಾರದರ್ಶಕ ಜೆಲ್ಲಿನೊಳಗೆ ಹೂತು, ಮೇಲಿಟ್ಟ ಊಟದ ವಾಸನೆಗೆ ಎಷ್ಟು ಹುಳು ಅಗೆದುಕೊಂಡು ಮೇಲೆ ಬರುತ್ತವೆ ಎಂದು ಎಣಿಸುತ್ತಾರೆ. ಶೇ. 26ರ ದ್ರಾವಣ ತಂಪಿನಲ್ಲಿ ನೀರು, ಬೆಚ್ಚಗಾದರೆ ಗಟ್ಟಿ. ಜಾಮೂನಿನ ಪಾಕಕ್ಕೆ ತದ್ವಿರುದ್ಧ ಅನ್ನಿ. ಎಸಿ ಇಲ್ಲದ ಕೋಣೆಯಲ್ಲಿ ಪಿಪೆಟ್ಟಿನೊಳಗೇ ಗಟ್ಟಿಯಾಗುತ್ತದೆ, ಬಾಟಲಿಯನ್ನು ಐಸಿನ ಮೇಲಿಟ್ಟುಕೊಂಡೇ ಕೆಲಸ ಮಾಡಬೇಕು.

ಎರಡನೆಯದು ಚಿತ್ರ. ಸ್ನಾಯುವಿನ ಮೈಟೊಕಾಂಡ್ರಿಯಗಳಲ್ಲಿ ಹಸಿರು ಹೊಳೆಯುವ ಜಿಎಫ್‌ಪಿ ಪ್ರೋಟೀನ್ ಇರುವ ತಳಿಗಳು ಸಿಗುತ್ತವೆ. ಹೆಚ್ಚು ಬಳಕೆಯ ತಳಿಯೊಂದರಲ್ಲಿ ಕೋಶಕೇಂದ್ರವೂ ಹೊಳೆಯುತ್ತದೆ. ಆ ದುಂಡನೆಯ ಹಸಿರು ಚುಕ್ಕೆಯನ್ನು ಊದಿದ ಮೈಟೊಕಾಂಡ್ರಿಯ ಎಂದು ಹೊಸಬರು ಬರೆದಿಡುವುದುಂಟು. 1ನೇ ದಿನದ ಹುಳುವಿನಲ್ಲಿ ಮೈಟೊಕಾಂಡ್ರಿಯಗಳು ಒತ್ತು ಶಾವಿಗೆಯ ಎಳೆಗಳ ಹಾಗೆ ಉದ್ದಕ್ಕೆ, ಒಂದರ ಪಕ್ಕ ಒಂದು ಸಾಲಾಗಿ ಮಲಗಿರುತ್ತವೆ. ವಯಸ್ಸಾದಂತೆ ಎಳೆಗಳು ತುಂಡಾಗುತ್ತವೆ, ಕೊನೆಗೆ ನೆನೆಸಿದ ಸಾಬೂದಾನಿಯ ಹಾಗೆ ಬಿಡಿಬಿಡಿ ಗುಂಡುಗಳು, ನಡುನಡುವೆ ಕಪ್ಪು ಖಾಲಿ ಜಾಗ. ಶಾವಿಗೆ, ತುಂಡು ಶಾವಿಗೆ, ಸಾಬೂದಾನಿ ಎಂದು ಮೂರು ದರ್ಜೆ ಮಾಡಿಕೊಂಡು ಎಣಿಸಿದರೂ ಸಾಕಷ್ಟು ವಿಶ್ವಾಸಾರ್ಹ ಅಂಕಿ ಸಿಗುತ್ತದೆ.

ಈ ಚಿತ್ರ ತೆಗೆಯುವಾಗಲೇ ಒಂದು ದೊಡ್ಡ ತಪ್ಪಾಗುತ್ತದೆ. ಹುಳು ಅಲುಗಾಡದಿರಲಿ ಎಂದು ಸೋಡಿಯಂ ಅಜೈಡ್ ಹಾಕುವುದು ಎಷ್ಟೋ ಲ್ಯಾಬುಗಳ ರೂಢಿ. ಅಜೈಡ್ ಹುಳುವನ್ನು ನಿಲ್ಲಿಸುವುದೇ ಮೈಟೊಕಾಂಡ್ರಿಯದ ಉಸಿರಾಟದ ಸರಪಳಿಯ ನಾಲ್ಕನೇ ಕೊಂಡಿಯನ್ನು ಕಟ್ಟಿಹಾಕಿ. ನಾವು ನೋಡಬೇಕೆಂದಿದ್ದನ್ನೇ ಕೊಂದು ಆಮೇಲೆ ಚಿತ್ರ ತೆಗೆದ ಹಾಗಾಯಿತು. ಬದಲಿಗೆ ಶೇ. 2ರ ಅಗರೋಸ್ ಹಾಸಿನ ಮೇಲೆ 1 ಮಿಲಿಮೋಲಾರ್‌ನಷ್ಟು ಲೆವಮಿಸೋಲ್ ಬಳಸಿ. ಅದು ಸ್ನಾಯುವನ್ನು ಬಿಗಿಸುತ್ತದೆ ಎಂಬ ಕುಂದು ಇದೆ, ಆದರೆ ಹೋಲಿಕೆಯ ಗುಂಪಿಗೂ ಅಷ್ಟೇ ಬಿಗಿತ ಇರುತ್ತದೆ. ಕವರ್‌ಸ್ಲಿಪ್ ಮುಚ್ಚಿದ ಹತ್ತು ನಿಮಿಷದೊಳಗೆ ಚಿತ್ರ ಮುಗಿಯಬೇಕು. ಗಾಜಿನಡಿ ಒತ್ತಿಕೊಂಡು ಗಾಳಿಯಿಲ್ಲದೆ ಕೂತ ಹುಳುವಿನಲ್ಲಿ ಶಾವಿಗೆ ತಾನಾಗಿಯೇ ತುಂಡಾಗುತ್ತದೆ. ಒಂದು ಸ್ಲೈಡಿಗೆ ಐವತ್ತು ಹುಳು ಹಾಕಿ ಒಂದು ತಾಸು ಕೂರುವವರ ಕೊನೆಯ ಹುಳುಗಳೆಲ್ಲ ‘ಮುದಿ’ಯಾಗಿ ಕಾಣುವುದು ಇದರಿಂದಲೇ.

ಮೈಟೊಕಾಂಡ್ರಿಯದ ಒಳಪೊರೆಯ ವಿದ್ಯುತ್ ಒತ್ತಡ ನೋಡಲು ಟಿಎಂಆರ್‌ಇ ಎಂಬ ಕೆಂಪು ಬಣ್ಣ ತಿನ್ನಿಸುತ್ತಾರೆ. ಕತ್ತಲಲ್ಲಿ ಒಂದು ರಾತ್ರಿ ಬಣ್ಣದ ಪ್ಲೇಟಿನಲ್ಲಿಟ್ಟು, ಆಮೇಲೆ ಒಂದು ತಾಸು ಬಣ್ಣವಿಲ್ಲದ ಪ್ಲೇಟಿಗೆ ಬಿಟ್ಟರೆ ಕರುಳಿನಲ್ಲಿ ಉಳಿದ ಬಣ್ಣ ಹೊರಹೋಗುತ್ತದೆ. ಈ ಕೊನೆಯ ತಾಸು ತಪ್ಪಿಸಿದರೆ ಕರುಳಿನ ಹೊಳಪೇ ಎಲ್ಲವನ್ನೂ ಮುಳುಗಿಸುತ್ತದೆ. ಸರಿಯಾಗಿ ತಿನ್ನದ ಹುಳು ಬಣ್ಣವನ್ನೂ ಕಡಿಮೆ ತಿನ್ನುತ್ತದೆ ಎಂಬುದೂ ನೆನಪಿರಲಿ. ಮಂಕಾದ ಹೊಳಪು ಕಂಡಾಗ ಆ ತಳಿ ನಿಮಿಷಕ್ಕೆ ಎಷ್ಟು ಸಲ ಗಂಟಲು ಬಡಿಯುತ್ತದೆ ಎಂದು ಎಣಿಸಿ. ಊಟದ ಮೇಲಿರುವ ಆರೋಗ್ಯವಂತ ಹುಳುವಿನಲ್ಲಿ ಅದು 200ರ ಮೇಲಿರುತ್ತದೆ.

ಮೂರನೆಯದು ಆಮ್ಲಜನಕ. ಸೀಹಾರ್ಸ್ ಯಂತ್ರದ 96 ಗುಳಿಗಳ ಪ್ಲೇಟಿನಲ್ಲಿ ಪ್ರತಿ ಗುಳಿಗೆ ಹತ್ತು ಹದಿನೈದು ಹುಳು ಹಾಕಿದರೆ ಎಷ್ಟು ಆಮ್ಲಜನಕ ಬಳಸಿದವು ಎಂದು ತಿಳಿಯುತ್ತದೆ. ಮೊದಲು ಸಹಜ ಬಳಕೆ, ಆಮೇಲೆ ಉಸಿರಾಟದ ಸರಪಳಿಯನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಫ್‌ಸಿಸಿಪಿ ಎಂಬ ರಾಸಾಯನಿಕವನ್ನು 10 ಮೈಕ್ರೋಮೋಲಾರ್ ಹಾಕಿ ಗರಿಷ್ಠ ಸಾಮರ್ಥ್ಯ, ಕೊನೆಗೆ 40 ಮಿಲಿಮೋಲಾರ್ ಅಜೈಡ್ ಹಾಕಿ ಮೈಟೊಕಾಂಡ್ರಿಯವನ್ನು ಪೂರ್ತಿ ನಿಲ್ಲಿಸಿ ಉಳಿದ ಬಳಕೆ ಎಷ್ಟೆಂದು ನೋಡುತ್ತಾರೆ. ಅಜೈಡ್‌ಗೆ ಸರಿಯಾದ ಜಾಗ ಇದು. ಮನುಷ್ಯನ ಕೋಶಗಳ ಇಂಥದೇ ಅಳತೆಯಲ್ಲಿ ಮೈಟೊಕಾಂಡ್ರಿಯದ ಶಕ್ತಿ ತಯಾರಿಕೆ ತಡೆಯಲು ಬಳಸುವ ಆಲಿಗೋಮೈಸಿನ್ ಈ ಹುಳುವಿನ ಹೊರಪೊರೆಯನ್ನು ಸುಲಭವಾಗಿ ದಾಟುವುದಿಲ್ಲ. ಯಂತ್ರದ ಹೀಟರ್ ಆಫ್ ಮಾಡಿ, ಕೋಣೆಯ ಎಸಿಯನ್ನು ಹಿಂದಿನ ರಾತ್ರಿಯಿಂದಲೇ ಹಾಕಿರಿ. ಯಂತ್ರ ಓಡುವಾಗ ತಾನೇ ಬಿಸಿಯಾಗಿ ಒಳಗೆ ಕೆಲವು ಡಿಗ್ರಿ ಏರುತ್ತದೆ. ಉಳಿದ ಅಜೈಡ್ ದ್ರಾವಣವನ್ನು ಸಿಂಕಿಗೆ ಸುರಿಯಬಾರದು. ಅದು ವಿಷ, ತಾಮ್ರ ಮತ್ತು ಸೀಸದ ಕೊಳವೆಗಳಲ್ಲಿ ಸಿಡಿಯುವ ಲವಣವಾಗುತ್ತದೆ. ಆಮ್ಲ ಸೇರಿದರೆ ವಿಷಾನಿಲ ಬಿಡುತ್ತದೆ.

ಇಷ್ಟೆಲ್ಲ ಅಳೆದ ಮೇಲೂ ತಿಳಿದುಕೊಳ್ಳಬೇಕಾದ ಸೂಕ್ಷ್ಮವೊಂದಿದೆ. ಶಾವಿಗೆ ತುಂಡಾಯಿತು ಎಂದ ಮಾತ್ರಕ್ಕೆ ಸ್ನಾಯುವಿಗೆ ರೋಗ ಬಂತು ಎಂದಲ್ಲ. ಹುಳುವನ್ನು ಒಂದು ತಾಸು ಈಜಿಸಿದ ಕೂಡಲೇ ನೋಡಿದರೆ ಮೈಟೊಕಾಂಡ್ರಿಯಗಳು ತುಂಡಾಗಿರುತ್ತವೆ, ಈಜಿನ ಶಕ್ತಿಯೂ ಇಳಿದಿರುತ್ತದೆ. ಒಂದು ದಿನ ವಿಶ್ರಾಂತಿ ಕೊಟ್ಟರೆ ಮತ್ತೆ ಉದ್ದವಾಗಿ ಬೆಸೆದುಕೊಳ್ಳುತ್ತವೆ. ತುಂಡರಿಸುವ ಡಿಆರ್‌ಪಿ-1, ಬೆಸೆಯುವ ಎಫ್‌ಜೆಡ್‌ಒ-1 ಎಂಬ ಪ್ರೋಟೀನುಗಳೆರಡೂ ಬೇಕು. ಒಂದು ಇಲ್ಲದಿದ್ದರೂ ವ್ಯಾಯಾಮದ ಫಲ ಸಿಗುವುದಿಲ್ಲ. ಹಾಗಾಗಿ ಒಂದೇ ಹೊತ್ತಿನ ಒಂದೇ ಚಿತ್ರದಿಂದ ತೀರ್ಮಾನ ಮಾಡುವುದು ಸರಿಯಲ್ಲ. ಚಿತ್ರ, ಈಜು, ಆಮ್ಲಜನಕ ಮೂರೂ ಒಂದೇ ದಿಕ್ಕು ತೋರಿಸಬೇಕು. ತೋರಿಸದಿದ್ದರೆ, ಮೊದಲು ನಿಮ್ಮ ಕೈಗುಣವನ್ನೇ ಅನುಮಾನಿಸಿ. ಮೈಟೊಕಾಂಡ್ರಿಯ ಸ್ವಲ್ಪ ಕುಂದಿದ ಹುಳುಗಳು ಹೆಚ್ಚು ಕಾಲ ಬದುಕುವುದೂ ಉಂಟು. ಐಎಸ್‌ಪಿ-1 ಜೀನ್ ಬದಲಾದ ತಳಿ ಅಂಥದ್ದು. ಎಂಇವಿ-1 ಎಂಬ ಇನ್ನೊಂದು ಮೈಟೊಕಾಂಡ್ರಿಯ ಜೀನ್ ಕೆಟ್ಟುಹೋದ ತಳಿಯೋ ಬೇಗ ಸಾಯುತ್ತದೆ. ಆಯಸ್ಸು ಹೆಚ್ಚಿತು ಎಂದರೆ ಸ್ನಾಯು ಗಟ್ಟಿಯಾಯಿತು ಎಂದು ಓದಬಾರದು.

ರೋಗದ ವಿಷಯಕ್ಕೆ ಬಂದರೆ, ಗಂಡುಮಕ್ಕಳನ್ನು ಕಾಡುವ ಡುಶೆನ್ ಸ್ನಾಯುಕ್ಷಯದಲ್ಲಿ ಕೆಡುವ ಡಿಸ್ಟ್ರೋಫಿನ್‌ಗೆ ಹುಳುವಿನಲ್ಲಿ ಡಿಸ್-1 ಎಂಬ ಸಮಾನ ಜೀನ್ ಇದೆ. ಅದೊಂದೇ ಕೆಟ್ಟರೆ ಹಲವು ತಳಿಗಳಲ್ಲಿ ಸ್ನಾಯು ಅಷ್ಟಾಗಿ ಸವೆಯುವುದಿಲ್ಲ. ಎಚ್‌ಎಲ್‌ಎಚ್-1 ಎಂಬ ಇನ್ನೊಂದು ಜೀನ್ ಕೂಡ ದುರ್ಬಲವಾದಾಗ ಸವೆತ ಎದ್ದು ಕಾಣುತ್ತದೆ. ಈ ಮಕ್ಕಳಿಗೆ ಕೊಡುವ ಪ್ರೆಡ್ನಿಸೋನ್ ಹುಳುವಿನ ಸವೆತವನ್ನೂ ತಗ್ಗಿಸುತ್ತದೆ. ಹುಳುವಿನಲ್ಲಿ ಉರಿಯೂತದ ಕೋಶಗಳೇ ಇಲ್ಲ. ಅಂದರೆ ಆ ಔಷಧ ಉರಿಯೂತ ಇಳಿಸುವುದರ ಜೊತೆಗೆ ಸ್ನಾಯುವಿನ ಮೇಲೆ ನೇರವಾಗಿಯೂ ಏನೋ ಮಾಡುತ್ತಿದೆ. ನಮ್ಮ ಕಣ್ಣಿಗೆ ಈ ಹುಳು ಕಲಿಸಿದ ಅತ್ಯಂತ ಅಮೂಲ್ಯ ಪಾಠಗಳಲ್ಲಿ ಇದೊಂದು.

ಆಹಾರದ ಸುದ್ದಿಯೂ ಆಗಾಗ ಬರುತ್ತದೆ. ವಾಶಿ ಮಾರ್ಕೆಟ್ಟಿಗೆ ಬರುವ ಸೋಲಾಪುರದ ದಾಳಿಂಬೆಯಲ್ಲಿರುವ ಕೆಲವು ಒಗರು ಪದಾರ್ಥಗಳನ್ನು ನಮ್ಮ ಕರುಳಿನ ಬ್ಯಾಕ್ಟೀರಿಯಗಳು ಯುರೊಲಿಥಿನ್-ಎ ಆಗಿ ಮಾರ್ಪಡಿಸುತ್ತವೆ. ಅದು ಹಾಳಾದ ಮೈಟೊಕಾಂಡ್ರಿಯಗಳನ್ನು ಕೋಶ ತಾನೇ ಗುಡಿಸಿಹಾಕುವ ಕೆಲಸವನ್ನು ಚುರುಕುಗೊಳಿಸಿ ಹುಳುವಿನ ಆಯಸ್ಸು ಹೆಚ್ಚಿಸಿತು, ಇಲಿಗಳ ಸ್ನಾಯುವಿಗೂ ಒಳ್ಳೆಯದು ಮಾಡಿತು ಎಂದು 2016ರಲ್ಲಿ ವರದಿಯಾಯಿತು. ಆದರೆ ಎಲ್ಲರ ಕರುಳಿನಲ್ಲೂ ಆ ಬ್ಯಾಕ್ಟೀರಿಯ ಇರುವುದಿಲ್ಲ, ಹಾಗಾಗಿ ದಾಳಿಂಬೆ ತಿಂದವರಿಗೆಲ್ಲ ಅದೇ ಫಲ ಎನ್ನಲಾಗದು. ಹುಳುವಿನ ಪ್ರಯೋಗದಲ್ಲೂ ಇಂಥದೇ ತೊಡಕಿದೆ: ಅದರ ಊಟವೇ ಜೀವಂತ ಬ್ಯಾಕ್ಟೀರಿಯ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಹುಳುವಿನ ಆಯಸ್ಸು ಹೆಚ್ಚಿಸುವುದು ಬಹುಪಾಲು ಆ ಬ್ಯಾಕ್ಟೀರಿಯವನ್ನು ಬದಲಿಸಿ ಎಂದು 2013ರಲ್ಲಿ ತಿಳಿದುಬಂತು. ಯಾವುದೇ ಔಷಧವನ್ನು ಕೊಂದ ಬ್ಯಾಕ್ಟೀರಿಯದ ಜೊತೆಗೂ ಒಮ್ಮೆ ಕೊಟ್ಟು ನೋಡದೆ ಬಿಡಬಾರದು. ಔಷಧ ಕರಗಿಸಿದ ಡಿಎಂಎಸ್‌ಒ ಮಾತ್ರ ಕೊಟ್ಟ ಒಂದು ಗುಂಪೂ ಇರಲೇಬೇಕು.

ಹೊಳೆಯುವ ತಳಿ, ದುಬಾರಿ ಯಂತ್ರ ಇಲ್ಲದ ಕಾಲೇಜಿನಲ್ಲೂ ಒಂದು ಒಳ್ಳೆಯ ಪ್ರಾಜೆಕ್ಟ್ ಸಾಧ್ಯ. ಒಂದು ಸ್ಟೀರಿಯೊ ಸೂಕ್ಷ್ಮದರ್ಶಕ, ಒಂದು ಬಿಒಡಿ, ಒಂದು ಮೊಬೈಲ್ ಕ್ಯಾಮೆರಾ ಸಾಕು. ವಯಸ್ಕ ಹುಳುವಿನ 1, 3, 5, 7, 9ನೇ ದಿನ ಗುಂಪಿಗೆ 25 ಹುಳುಗಳ ಈಜು ಎಣಿಸಿ. ಅರ್ಧದಷ್ಟು ಹುಳುಗಳನ್ನು ಮೊದಲ ನಾಲ್ಕು ದಿನ ಎಂ9ನಲ್ಲಿ ತಾಸುಗಟ್ಟಲೆ ಈಜಿಸಿ, ಉಳಿದರ್ಧವನ್ನು ಅಷ್ಟೇ ಹೊತ್ತು ಊಟವಿಲ್ಲದ ಖಾಲಿ ಪ್ಲೇಟಿನಲ್ಲಿಡಿ. ಇಲ್ಲದಿದ್ದರೆ ವ್ಯಾಯಾಮದ ಫಲವೋ ಉಪವಾಸದ ಫಲವೋ ಗೊತ್ತಾಗದು. ಹೊಸ ಮೊಟ್ಟೆಗಳಿಂದ ಶುರುಮಾಡಿ ಇಡೀ ಪ್ರಯೋಗವನ್ನು ಮೂರು ಸಲ ಮಾಡಿ. ಪ್ಲೇಟುಗಳ ಮೇಲೆ ಗುಂಪಿನ ಹೆಸರು ಬೇಡ, ಅಂಕಿ ಮಾತ್ರ ಬರೆಯಿರಿ. ಯಾವ ಅಂಕಿ ಯಾವ ಗುಂಪು ಎಂಬ ಚೀಟಿ ಎಣಿಸದವರೊಬ್ಬರ ಕಪಾಟಿನಲ್ಲಿರಲಿ, ಕೊನೆಯ ಹುಳುವಿನ ಎಣಿಕೆ ಮುಗಿದ ಮೇಲೆ ತೆರೆಯಿರಿ.